1957ರ ನಾರ್ತ್ ಕರೊಲಿನಾ 32–0: ಶಾಟ್ ಕ್ಲಾಕ್ ಇದ್ದಿದ್ದರೆ ಕ್ಯಾನ್ಸಸ್ ಗೆಲ್ಲುತ್ತಿತ್ತೇ?

ಪಿವಟ್‌ಪಾದ
ಹಳೆಯ ಕಾಲೇಜು ಬಾಸ್ಕೆಟ್‌ಬಾಲ್ ಬಗ್ಗೆ ಆಸಕ್ತಿ ಇರೋರಿಗೆ ಒಂದು ಪ್ರಶ್ನೆ. 1956–57ರಲ್ಲಿ ನಾರ್ತ್ ಕರೊಲಿನಾ ಆಡಿದ 32 ಪಂದ್ಯವನ್ನೂ ಗೆದ್ದಿತು. ಕೊನೆಯ ಎರಡು ಪಂದ್ಯ ಸತತ ಎರಡು ರಾತ್ರಿ, ಎರಡೂ ಮೂರು ಮೂರು ಓವರ್‌ಟೈಮ್. ಮಾರ್ಚ್ 22ಕ್ಕೆ ಮಿಷಿಗನ್ ಸ್ಟೇಟ್ ವಿರುದ್ಧ 74–70, ಮಾರ್ಚ್ 23ಕ್ಕೆ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಕ್ಯಾನ್ಸಸ್ ವಿರುದ್ಧ 54–53. ಕ್ಯಾನ್ಸಸ್‌ನಲ್ಲಿ ಇದ್ದವನು ಏಳಡಿಯ ವಿಲ್ಟ್ ಚೇಂಬರ್ಲೇನ್.

ನನ್ನ ವಾದ ಇಷ್ಟೇ: ಈ ಗೆಲುವಿಗೆ ಶಾಟ್ ಕ್ಲಾಕ್ (ಚೆಂಡು ಸಿಕ್ಕಮೇಲೆ ಇಂತಿಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಹೊಡೆಯಲೇಬೇಕು ಅನ್ನೋ ಗಡಿಯಾರ) ಇಲ್ಲದ್ದೇ ಕಾರಣ. ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಗೆ 24 ಸೆಕೆಂಡ್ ನಿಯಮ 1954ರಲ್ಲೇ ಬಂದಿತ್ತು. ಅಂತರರಾಷ್ಟ್ರೀಯ ಒಕ್ಕೂಟ ಫಿಬಾ 1956ರಲ್ಲಿ 30 ಸೆಕೆಂಡ್ ತಂದಿತು. ಅಮೆರಿಕದ ಕಾಲೇಜು ಪುರುಷರ ಆಟಕ್ಕೆ ಅದು ಬಂದದ್ದು 1985–86ರಲ್ಲಿ, ಅದೂ 45 ಸೆಕೆಂಡ್. 55 ನಿಮಿಷ ಆಡಿ 54 ಅಂಕ ಅಂದರೆ ನಿಮಿಷಕ್ಕೆ ಒಂದೂ ಇಲ್ಲ. ಚೆಂಡು ಹಿಡಿದು ಕೂರುವ ಅವಕಾಶ ಇಲ್ಲದಿದ್ದರೆ ವಿಲ್ಟ್ ಎದುರು ನಿಲ್ಲೋದು ಸಾಧ್ಯವಿತ್ತಾ?

ಸ್ಕೋರ್‌ಶೀಟ್
ಒಪ್ಪಲ್ಲ. ಆ ಪಂದ್ಯದಲ್ಲಿ ಚೆಂಡು ಹಿಡಿದು ಕೂತ ತಂಡಗಳಲ್ಲಿ ಕ್ಯಾನ್ಸಸ್ಸೂ ಒಂದು. ಮೊದಲರ್ಧ ಕರೊಲಿನಾ 29–22 ಮುಂದೆ. ಎರಡನೇ ಅರ್ಧದಲ್ಲಿ ಕ್ಯಾನ್ಸಸ್ ಹಿಂದಿನಿಂದ ಬಂದು ಮೂರು ಅಂಕದ ಮುನ್ನಡೆ ಹಿಡಿಯಿತು. ಆಗ ಕರೊಲಿನಾ ಹುಡುಗರ ತಲೆ ಮೇಲೆ ಫೌಲ್ ತುಂಬಿತ್ತು, ಕಾಲು ಸೋತಿತ್ತು. ಆ ಹೊತ್ತಿಗೆ ಒತ್ತಿ ಆಡೋದು ಬಿಟ್ಟು ಕ್ಯಾನ್ಸಸ್ ಕೋಚ್ ಡಿಕ್ ಹಾರ್ಪ್ ಆಟ ನಿಧಾನ ಮಾಡಿಸಿದ. ಎದುರಾಳಿಗೆ ಬಿಟ್ಟಿ ವಿಶ್ರಾಂತಿ ಸಿಕ್ಕಿತು. 24 ಸೆಕೆಂಡ್ ಇದ್ದಿದ್ದರೆ ಆ ತಪ್ಪು ಮಾಡೋಕೆ ಹಾರ್ಪ್‌ಗೆ ಅವಕಾಶವೇ ಇರುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ನಿಮ್ಮ ಮಾತು ಸರಿ. ಆದರೆ "ಕರೊಲಿನಾ ಕೂತು ಗೆದ್ದಿತು" ಅನ್ನೋದು ತಪ್ಪು.

ಪೂರ್ಣಾವಧಿಗೆ 46–46. ಮೊದಲ ಓವರ್‌ಟೈಮ್‌ನಲ್ಲಿ ತಲಾ ಎರಡಂಕ, 48–48. ಎರಡನೆಯದರಲ್ಲಿ ಇಬ್ಬರದೂ ಸೊನ್ನೆ. ಮೂರನೆಯದರಲ್ಲಿ 6–5.

ಮಂಗ್ಳೂರು ಬ್ಯಾಂಕ್‌ಶಾಟ್
ಐದು ನಿಮಿಷ ಇಬ್ಬರೂ ಸೊನ್ನೆಯಾ ಮಾರಾಯ್ರೆ! ಈಗಿನವರು ಅದನ್ನು ನೋಡಿದ್ರೆ ಎದ್ದು ಹೋಗ್ತಿದ್ರು.

ಹಾಫ್‌ಕೋರ್ಟ್ ಹನುಮ
@ಪಿವಟ್‌ಪಾದ, ಇನ್ನೊಂದು ಅಂಶ ಬಿಟ್ರಿ. ಆ ಕಾಲದಲ್ಲಿ ಬಾಣದ ಗುರುತಿನ ಸರದಿ ಪದ್ಧತಿ (ಎರಡೂ ತಂಡಕ್ಕೆ ಸರದಿ ಪ್ರಕಾರ ಚೆಂಡು ಕೊಡೋದು) ಇರಲಿಲ್ಲ, ಅದು ಕಾಲೇಜು ಆಟಕ್ಕೆ ಬಂದದ್ದು 1981–82ರಲ್ಲಿ. ಎರಡು ಅರ್ಧ, ಮೂರು ಓವರ್‌ಟೈಮ್, ಪ್ರತಿ ಸಲವೂ ನಡುವೃತ್ತದಲ್ಲಿ ಜಂಪ್ ಬಾಲ್, ಅಂದರೆ ರೆಫರಿ ಮೇಲೆಸೆದ ಚೆಂಡನ್ನ ಇಬ್ಬರು ಹಾರಿ ತಟ್ಟೋದು (ಟಿಪ್). ಇಬ್ಬರು ಚೆಂಡಿಗೆ ಜೋತುಬಿದ್ದರೂ ಜಂಪ್ ಬಾಲ್. ಶಾಟ್ ಕ್ಲಾಕ್ ಇಲ್ಲದ ಐದು ನಿಮಿಷದ ಓವರ್‌ಟೈಮ್‌ನಲ್ಲಿ ಟಿಪ್ ಗೆದ್ದವನಿಗೆ ಬೇಕಾದಷ್ಟು ಹೊತ್ತು ಚೆಂಡು. ಟಿಪ್ ಗೆಲ್ಲೋ ಅನುಕೂಲ ಯಾರಿಗೆ? ವಿಲ್ಟ್ ಇದ್ದ ತಂಡಕ್ಕೆ. ಅಂದಮೇಲೆ ನಿಯಮ ಕ್ಯಾನ್ಸಸ್ ಕಡೆಗೇ ವಾಲಿತ್ತು.

ಎಲ್ಬೋ ಜಂಪರ್
ಟಿಪ್ ವಿಷಯಕ್ಕೆ ಬಂದಿರಲ್ಲ. ಪಂದ್ಯದ ಮೊದಲ ಜಂಪ್‌ಗೆ ಕರೊಲಿನಾ ಕೋಚ್ ಫ್ರಾಂಕ್ ಮೆಗ್ವಾಯರ್ ಕಳಿಸಿದ್ದು 5 ಅಡಿ 11 ಇಂಚಿನ ಗಾರ್ಡ್ ಟಾಮಿ ಕರ್ನ್ಸ್‌ನನ್ನ. ಆ ಫೋಟೊ ನೋಡಿದವರೆಲ್ಲ ಅದನ್ನ ತಮಾಷೆ ಅಂದ್ಕೋತಾರೆ. ಅದರಲ್ಲಿ ಲೆಕ್ಕ ಇತ್ತು. ಆ ಟಿಪ್ ಹೇಗಿದ್ದರೂ ವಿಲ್ಟ್‌ನದು. 6 ಅಡಿ 9 ಇಂಚಿನ ಜೋ ಕ್ವಿಗ್‌ನನ್ನು ಹಾರಿಸಿದರೂ ಅದೇ ಫಲ, ಜೊತೆಗೆ ನಿಮ್ಮ ಎತ್ತರದವನು ನಡುವೃತ್ತದಲ್ಲಿ ಸಿಕ್ಕಿಹಾಕ್ಕೊಂಡಿರ್ತಾನೆ. ಗಿಡ್ಡ ಗಾರ್ಡ್ ಹಾರಿದರೆ ಉಳಿದ ನಾಲ್ವರು ಎತ್ತರದವರು ಆಗಲೇ ರಿಂಗ್ ಕಡೆ ನಿಂತು ರಕ್ಷಣೆಗೆ ತಯಾರು. ಸೋಲುವುದು ಖಚಿತ ಇರುವ ಜಂಪ್‌ಗೆ ದೊಡ್ಡ ಆಟಗಾರನನ್ನ ಖರ್ಚು ಮಾಡಬಾರದು. ನಮ್ಮ ಅಂತರ ಕಾಲೇಜು ತಂಡಗಳೂ ಇದನ್ನ ಕಲಿಯಬಹುದು.

ಧಾರವಾಡದ ಡ್ರಿಬಲ್
ಅಂಜಿಸೂದು ಬ್ಯಾರೆ ಇರ್ತದಲ್ರೀ. ವಿಲ್ಟ್ ಅಂದ್ರ ಎಲ್ಲಾರೂ ಹೆದರಿ ಸಾಯ್ತಿದ್ರು. ನಮಗ ನಿನ್ನ ಅಂಜಿಕಿ ಇಲ್ಲ ಅಂತ ಮೊದಲನೇ ಸೆಕೆಂಡಿಗೇ ತೋರ್ಸಿದಂಗಾತು. ಅದೂ ಲೆಕ್ಕಾನ.

ಮೈಸೂರು ರಿಬೌಂಡ್
ವಿಲ್ಟ್‌ನನ್ನ ತಡೆದದ್ದು ಹೇಗೆ ಅಂತ ಯಾರಾದರೂ ಬಿಡಿಸಿ ಬರೀರಿ. "ಝೋನ್ ಹಾಕಿದ್ರು" ಅಂತ ಎಲ್ಲರೂ ಒಂದು ಸಾಲು ಬರೆದು ಬಿಡ್ತಾರೆ.

ಎಲ್ಬೋ ಜಂಪರ್
ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ಕುಗ್ಗುವ ಝೋನ್ ಅಂದರೆ ಐವರೂ ಹೊರಗಿನ ಶೂಟರ್‌ಗಳನ್ನ ಅರ್ಧಕ್ಕೆ ಬಿಟ್ಟು ಪೋಸ್ಟ್ (ರಿಂಗ್ ಹತ್ತಿರದ ಜಾಗ) ಸುತ್ತ ಒತ್ತಿ ನಿಲ್ಲೋದು. ವಿಲ್ಟ್‌ನಂಥ ಪೋಸ್ಟ್ ಆಟಗಾರನಿಗೆ ಒಬ್ಬ ಮುಂದೆ, ಒಬ್ಬ ಹಿಂದೆ. ಮುಂದಿನವನ ಕೆಲಸ ವಿಂಗ್‌ನಿಂದ (ಕೋರ್ಟ್‌ನ ಪಕ್ಕದಿಂದ) ನೇರ ಪಾಸ್ ಕೈಸೇರದಂತೆ ದಾರಿ ಮುಚ್ಚೋದು. ಹಿಂದಿನವನ ಕೆಲಸ ತಲೆ ಮೇಲಿಂದ ಬರುವ ಲಾಬ್‌ಗೆ ಜಾಗ ಕೊಡದೇ ಇರೋದು ಮತ್ತು ಶಾಟ್ ಹೋದ ಕೂಡಲೇ ಬಾಕ್ಸ್ ಔಟ್ ಮಾಡೋದು, ಅಂದರೆ ಬೆನ್ನು ಕೊಟ್ಟು ಅವನನ್ನ ರಿಬೌಂಡ್‌ನಿಂದ ದೂರ ಇಡೋದು. ಚೆಂಡು ಬಲ ವಿಂಗ್‌ಗೆ ಹೋದರೆ ಎಡಗಡೆಯ ಫಾರ್ವರ್ಡ್ ಮೂಲೆ ಬಿಟ್ಟು ರಿಂಗ್ ಕೆಳಗೆ ಬರಬೇಕು. ಚೆಂಡು ಆಚೆ ತಿರುಗಿದರೆ ಇದೆಲ್ಲ ತಲೆಕೆಳಗು. ಒಬ್ಬ ಅರ್ಧ ಸೆಕೆಂಡ್ ತಡ ಮಾಡಿದರೂ ಲಾಬ್, ಡಂಕ್, ಮುಗೀತು.

ಇದರ ಬೆಲೆ ಏನು? ಹೊರಗಿನಿಂದ ಹೊಡೆಯೋರು ಖಾಲಿ ಸಿಗ್ತಾರೆ. ಆಗ ಮೂರಂಕದ ಗೆರೆ ಇರಲಿಲ್ಲ, ದೇಶದಾದ್ಯಂತ ಕಾಲೇಜು ಆಟಕ್ಕೆ ಅದು ಬಂದದ್ದು 1986–87ರಲ್ಲಿ. ದೂರದ ಶಾಟ್ ಬಿದ್ದರೂ ಎರಡೇ ಅಂಕ, ಪೋಸ್ಟ್‌ನಲ್ಲಿ ವಿಲ್ಟ್ ಹಾಕಿದರೂ ಎರಡೇ. ಹಾಗಾಗಿ ಮೆಗ್ವಾಯರ್ ಮಾಡಿದ ಜೂಜು ಕಣ್ಣು ಮುಚ್ಚಿ ಮಾಡಿದ್ದಲ್ಲ: ಉಳಿದ ನಾಲ್ವರು ಹೊರಗಿನಿಂದ ಹೊಡೆದು ಗೆಲ್ಲಲಿ ನೋಡೋಣ ಅಂತ. ಅವರಿಂದ ಆಗಲಿಲ್ಲ. ವಿಲ್ಟ್ ಒಬ್ಬನೇ 53ರಲ್ಲಿ 23 ಅಂಕ, 14 ರಿಬೌಂಡ್. ಆತ ವಾರ್ಸಿಟಿಗೆ (ಕಾಲೇಜಿನ ಮುಖ್ಯ ತಂಡಕ್ಕೆ) ಕಾಲಿಟ್ಟ ಮೊದಲ ಪಂದ್ಯದಲ್ಲಿ, 1956ರ ಡಿಸೆಂಬರ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ, 52 ಅಂಕ 31 ರಿಬೌಂಡ್ ಹೊಡೆದಿದ್ದ. ಅದರ ಪಕ್ಕ 55 ನಿಮಿಷಕ್ಕೆ 23 ಇಟ್ಟು ನೋಡಿ.

ಮೈಸೂರು ರಿಬೌಂಡ್
ಧನ್ಯವಾದ, ಈಗ ಗೊತ್ತಾಯ್ತು. ಮತ್ತೆ ಕ್ಯಾನ್ಸಸ್ ಡಿಫೆನ್ಸ್?

ಎಲ್ಬೋ ಜಂಪರ್
ಹಾರ್ಪ್ ಶುರುವಿಗೆ ಬಾಕ್ಸ್ ಆ್ಯಂಡ್ ಒನ್ ಹಾಕಿದ. ನಾಲ್ವರು ಚೌಕದ ನಾಲ್ಕು ಮೂಲೆ, ಐದನೆಯವನು ಲೆನ್ನಿ ರೋಸನ್‌ಬ್ಲೂತ್ ಹಿಂದೆ ನೆರಳಿನ ಥರ. ರೋಸನ್‌ಬ್ಲೂತ್ ಆ ವರ್ಷ ಪಂದ್ಯಕ್ಕೆ ಸರಾಸರಿ 28 ಅಂಕ ಹೊಡೀತಿದ್ದ, ಅದಕ್ಕೆ ಆ ಯೋಚನೆ. ಕೆಟ್ಟದ್ದು ಎಲ್ಲಿ ಅಂದರೆ ಈ ಕಟ್ಟು ಒಬ್ಬನೇ ಶೂಟರ್ ಇರುವ ತಂಡಕ್ಕೆ ಸರಿ. ಕರೊಲಿನಾದ ಸೆಂಟರ್ ಕ್ವಿಗ್ ಹೊರಗೆ ಬಂದು ದೂರದಿಂದ ಹೊಡೆಯಬಲ್ಲವನಾಗಿದ್ದ. ಅವನು ಹಾಕತೊಡಗಿದ. ವಿಲ್ಟ್‌ಗೆ ಎರಡೇ ದಾರಿ: ರಿಂಗ್ ಬಿಟ್ಟು ಕ್ವಿಗ್ ಮೇಲೆ ಹೋಗಬೇಕು, ಇಲ್ಲ ಶಾಟ್ ಬಿಟ್ಟುಕೊಡಬೇಕು. ಎರಡೂ ಕ್ಯಾನ್ಸಸ್‌ಗೆ ನಷ್ಟ. ಹಾರ್ಪ್ ಆ ಕಟ್ಟು ಬದಲಿಸುವ ಹೊತ್ತಿಗೆ ಅಂತರ ಬಿದ್ದಾಗಿತ್ತು. 29–22ರ ಮೂಲ ಅಲ್ಲಿದೆ. ಶಾಟ್ ಕ್ಲಾಕ್‌ಗೂ ಅದಕ್ಕೂ ಸಂಬಂಧ ಇಲ್ಲ.

ಪಿವಟ್‌ಪಾದ
ಸರಿ, ಮೊದಲರ್ಧದ ಮಾತು ಒಪ್ಪುವಂಥದ್ದೇ. ಆದರೆ ರೋಸನ್‌ಬ್ಲೂತ್ 20 ಅಂಕ ಹೊಡೆದು ಪೂರ್ಣಾವಧಿ ಮುಗಿಯಲು 1 ನಿಮಿಷ 45 ಸೆಕೆಂಡ್ ಇರುವಾಗ ಐದನೇ ಫೌಲ್‌ಗೆ ಹೊರಗೆ ಹೋದ. ಅಲ್ಲಿಂದಾಚೆ ಸುಮಾರು 17 ನಿಮಿಷ ತಂಡದ ಅತಿದೊಡ್ಡ ಸ್ಕೋರರ್ ಇಲ್ಲದೆ ಆಡಿದ್ದಾರೆ. ಶಾಟ್ ಕ್ಲಾಕ್ ಇದ್ದರೆ ಆ 17 ನಿಮಿಷದಲ್ಲಿ ಕನಿಷ್ಠ 17 ಸಲವಾದರೂ ಶಾಟ್ ಹುಡುಕಬೇಕಿತ್ತು. ಅವನಿಲ್ಲದೆ ಎಲ್ಲಿಂದ ತರ್ತಿದ್ರು?

ಸ್ಕೋರ್‌ಶೀಟ್
ಈ ಭಾಗ ನಿಮ್ಮ ವಾದದ ಗಟ್ಟಿ ತುಂಡು, ಹೌದು. ರೋಸನ್‌ಬ್ಲೂತ್ ಹೋದ ಮೇಲೆ ನಿಧಾನ ಆಡಿದ್ದು ಕರೊಲಿನಾಕ್ಕೆ ಅನುಕೂಲವಾಯಿತು. ಆದರೆ ಕ್ಯಾನ್ಸಸ್ಸೂ ಅದೇ ಹೊತ್ತಲ್ಲಿ ಅಷ್ಟೇ ಸಲ ವಿಲ್ಟ್‌ಗೆ ಚೆಂಡು ಮುಟ್ಟಿಸಬೇಕಿತ್ತು, ಇಬ್ಬರ ನಡುವಿಂದ. ಚೆಂಡು ಒಳಗೆ ಹೋಗದಿದ್ದರೆ ಕ್ಲಾಕ್ ಮುಗಿಯೋ ಮುಂಚೆ ಅದೇ ಹೊರಗಿನವರು ಹೊಡೀಬೇಕು. ಅವರ ಕೈ ಆ ರಾತ್ರಿ ಓಡಿರಲಿಲ್ಲ.

ಆ ವರ್ಷ ಕ್ಯಾನ್ಸಸ್ ಸೋತ ಬೇರೆ ಪಂದ್ಯಗಳನ್ನೂ ನೋಡಿ. ಜನವರಿಯಲ್ಲಿ ಅಯೋವಾ ಸ್ಟೇಟ್ ಎದುರು 37–39. ಕೊನೇ ಕ್ಷಣದ ಶಾಟ್. ಒಟ್ಟು ಸೀಸನ್ 24–3. ಆ ಅಯೋವಾ ಸ್ಟೇಟ್ ಪಂದ್ಯದಲ್ಲೂ ವಿಲ್ಟ್ ಸುತ್ತ ಜನ ತುಂಬಿ, ಚೆಂಡು ತಿರುಗಿಸುತ್ತಾ ನಿಂತದ್ದೇ ತಂತ್ರ. ನಿಜವಾಗಿ "ಕೂತು ಗೆದ್ದ" ಪಂದ್ಯ ಬೇಕಾದರೆ ಅದನ್ನ ಹಿಡೀರಿ, ಮಾರ್ಚ್ 23ನ್ನ ಬಿಡಿ.

ವೀಕ್‌ಸೈಡ್ ವಾಣಿ
ಗೋಲ್‌ಟೆಂಡಿಂಗ್ ನಿಯಮ ಆಗಲೇ ಇತ್ತಲ್ವಾ? ಹಾಗಿದ್ದರೆ ವಿಲ್ಟ್‌ನ ಅರ್ಧ ಅಪಾಯ ಕಾನೂನೇ ತೆಗೆದಿತ್ತು.

ಹಾಫ್‌ಕೋರ್ಟ್ ಹನುಮ
ಅರ್ಧ ಮಾತ್ರ ಸರಿ ಮೇಡಂ. ಡಿಫೆನ್ಸ್‌ನವನು ಕೆಳಗಿಳಿಯುತ್ತಿರುವ ಚೆಂಡು ಮುಟ್ಟಬಾರದು ಅನ್ನೋದು 1944–45ರಿಂದಲೇ ಇತ್ತು. ಆಫೆನ್ಸ್‌ನವನಿಗೆ ಅದೇ ನಿಷೇಧ ಬಂದದ್ದು 1957–58ಕ್ಕೆ, ಅಂದರೆ ಈ ಫೈನಲ್ ಆದ ಮೇಲೆ. ಹಾಗಾಗಿ ಆ ಸೀಸನ್ ಪೂರ್ತಿ ವಿಲ್ಟ್ ತನ್ನ ತಂಡದವರು ಹೊಡೆದ ಚೆಂಡನ್ನು ರಿಂಗ್ ಮೇಲೇ ಹಿಡಿದು ಒಳಗೆ ತಳ್ಳಬಹುದಿತ್ತು. ಗಾರ್ಡ್ ಕೆಟ್ಟ ಶಾಟ್ ಹೊಡೆದರೂ ಅದು ವಿಲ್ಟ್‌ಗೆ ಪಾಸ್ ಇದ್ದಂತೆ. ಎಂಡ್‌ಲೈನ್ ಆಚೆಯಿಂದ ಬೋರ್ಡ್ ಮೇಲೆ ಹಾಯಿಸಿ ಅವನ ಕೈಗೆ ಚೆಂಡು ಹಾಕಬಹುದಿತ್ತು. ಬೋರ್ಡ್ ದಾಟಿದ ಚೆಂಡು ಔಟ್ ಅನ್ನೋ ನಿಯಮವೂ 1957–58ರದ್ದೇ.

ಅವನ ವಿರುದ್ಧ ಇದ್ದ ನಿಯಮ ಅಂದರೆ ಲೇನ್ ಅಗಲ. ರಿಂಗ್ ಮುಂದೆ ಗೆರೆ ಹಾಕಿದ ಫ್ರೀ ಥ್ರೋ ಲೇನ್ 6 ಅಡಿಯಿಂದ 12 ಅಡಿ ಆಗಿತ್ತು. ಮೂರು ಸೆಕೆಂಡ್ ನಿಯಮ (ಆಫೆನ್ಸ್‌ನವನು ಲೇನ್ ಒಳಗೆ ಅದಕ್ಕಿಂತ ಹೆಚ್ಚು ಹೊತ್ತು ನಿಲ್ಲಬಾರದು) ಇರುವಾಗ ಇದರ ಪರಿಣಾಮ ಬಹಳ. 6 ಅಡಿ ಲೇನ್‌ನಲ್ಲಿ ಏಳಡಿ ಮನುಷ್ಯ ಲೇನ್ ಹೊರಗೆ ಕಾಲಿಟ್ಟು ನಿಂತರೂ ಕೈ ಚಾಚಿದರೆ ರಿಂಗ್. 12 ಅಡಿಗೆ ಅವನನ್ನ ತಳ್ಳಿದರೆ ಚೆಂಡು ಸಿಕ್ಕಮೇಲೆ ಒಂದು ಡ್ರಿಬಲ್ ಅಥವಾ ಒಂದು ತಿರುವು ಬೇಕೇ ಬೇಕು. ಆ ಒಂದು ತಿರುವಿನ ಹೊತ್ತಲ್ಲಿ ಹೆಲ್ಪ್ ಬಂದು ಸೇರುತ್ತೆ. ಕುಗ್ಗುವ ಝೋನ್ ಕೆಲಸ ಮಾಡಿದ್ದಕ್ಕೆ ಅಗಲವಾದ ಲೇನ್ ದೊಡ್ಡ ಕಾರಣ.

ಮಂಗ್ಳೂರು ಬ್ಯಾಂಕ್‌ಶಾಟ್
ನಮ್ಮ ಕಡೆ ಹಳೇ ಕಾಂಕ್ರೀಟ್ ಕೋರ್ಟ್‌ಗಳಲ್ಲಿ ಕೆಳಗೆ ಅಗಲ, ಮೇಲೆ ಕಿರಿದಾದ ಲೇನ್ ಬಣ್ಣ ಇನ್ನೂ ಕಾಣ್ತದೆ ನೋಡಿ. ಅದು ಫಿಬಾದ್ದು, 1956ರಲ್ಲಿ ಬಂದು 2010ರಲ್ಲಿ ಹೋಯ್ತು. ಅದೂ ಇದೇ ರೋಗಕ್ಕೆ ಮದ್ದು: ಎತ್ತರದವರನ್ನು ರಿಂಗ್‌ನಿಂದ ದೂರ ಇಡ್ಲಿಕ್ಕೆ.

ಧಾರವಾಡದ ಡ್ರಿಬಲ್
ಹೌದ್ರಿ, ಅದರಾಗ ಪೋಸ್ಟ್ ಆಡೂದು ಬ್ಯಾರೆ. ಆಯತಾಕಾರದ ಲೇನಿನಾಗ ಬ್ಲಾಕ್ ಮ್ಯಾಲೆ ನಿಂತ ಹುಕ್ ಹೊಡೀಬಹುದು. ಟ್ರೆಪೀಜಿಯಮ್‌ದಾಗ ಎಂಡ್‌ಲೈನ್ ಕಡೆ ಅಷ್ಟ ಅಗಲ ಇದ್ದದ್ದಕ್ಕ ಹೊರಗ ನಿಂತ ಮುಖ ತಿರುಗಿಸಿ ಜಂಪ್ ಶಾಟ್ ಹೊಡೀಬೇಕು. ಯುರೋಪಿನ ಎತ್ತರದವರು ಚಲೋ ಶೂಟರ್ ಆಗೂದಕ್ಕ ಅದೂ ಒಂದು ಕಾರಣ ಅಂತ ನನ್ನ ಅನಿಸಿಕಿ.

ಸ್ಕೋರ್‌ಶೀಟ್
ವಿಷಯಕ್ಕೆ ವಾಪಸ್ ಬರೋಣ. ಫೈನಲ್‌ಗಿಂತ ಹಿಂದಿನ ರಾತ್ರಿಯ ಪಂದ್ಯವೇ ನನಗೆ ದೊಡ್ಡದು. ಮಿಷಿಗನ್ ಸ್ಟೇಟ್ ಮೊದಲ ಓವರ್‌ಟೈಮ್‌ನ ಕೊನೆಯ ಸೆಕೆಂಡ್‌ಗಳಲ್ಲಿ ಎರಡಂಕ ಮುಂದೆ. ಜಾನಿ ಗ್ರೀನ್ ಫ್ರೀ ಥ್ರೋ ಗೆರೆ ಮೇಲೆ. ಬಿದ್ದಿದ್ದರೆ ಕಥೆ ಮುಗೀತಿತ್ತು. ತಪ್ಪಿತು. ಪೀಟ್ ಬ್ರೆನ್ನನ್ ರಿಬೌಂಡ್ ಹಿಡಿದ, ಔಟ್‌ಲೆಟ್ ಪಾಸ್ ಕೊಡದೆ ತಾನೇ ಕೋರ್ಟ್ ಉದ್ದಕ್ಕೂ ಡ್ರಿಬಲ್ ಮಾಡಿ ಹೊಡೆದ. ಸಮ.

ಇಲ್ಲಿ ನಿಯಮದ ಒಂದು ಸೂಕ್ಷ್ಮ ಇದೆ. ಅದಕ್ಕೆ ಹಿಂದೆ ಫ್ರೀ ಥ್ರೋ ಸಾಲಿನಲ್ಲಿ ರಿಂಗ್‌ಗೆ ಅಂಟಿದ ಎರಡು ಜಾಗದಲ್ಲಿ ಒಂದು ಆತಿಥೇಯ ತಂಡಕ್ಕೆ, ಒಂದು ಅತಿಥಿ ತಂಡಕ್ಕೆ ಮೀಸಲು. ಅಂದರೆ ಹೊಡೆಯುವವನ ಜೊತೆಗಾರನಿಗೂ ಒಳಜಾಗ ಒಂದು ಸಿಗ್ತಿತ್ತು. 1957ರ ಹೊತ್ತಿಗೆ ಆ ಎರಡೂ ಎದುರಾಳಿಗೇ ಅಂತಾಗಿತ್ತು. ಗ್ರೀನ್ ತಪ್ಪಿದಾಗ ಕರೊಲಿನಾದ ಇಬ್ಬರು ಒಳಗಿದ್ದರು. ಹಳೇ ನಿಯಮವೇ ಇದ್ದಿದ್ದರೆ ಮಿಷಿಗನ್ ಸ್ಟೇಟ್‌ನವನೊಬ್ಬ ರಿಂಗ್ ಪಕ್ಕದಲ್ಲೇ ನಿಂತಿರ್ತಿದ್ದ. @ಪಿವಟ್‌ಪಾದ, ನಿಯಮ ಯಾರನ್ನ ಉಳಿಸಿತು ಅಂತ ಹುಡುಕ್ತಿದ್ದರೆ ಅದು ಇಲ್ಲಿದೆ.

ಪಿವಟ್‌ಪಾದ
ಇದು ಚೆನ್ನಾಗಿದೆ ಸರ್. ಶಾಟ್ ಕ್ಲಾಕ್‌ಗಿಂತ ಇದರ ಭಾರವೇ ಹೆಚ್ಚು ಅನ್ನಿಸುತ್ತೆ, ಆ ಒಂದು ಪಂದ್ಯದ ಮಟ್ಟಿಗೆ.

ಮೈಸೂರು ರಿಬೌಂಡ್
ಅದೇ ಪಂದ್ಯದಲ್ಲಿ ಪೂರ್ಣಾವಧಿ ಮುಗಿಯುವಾಗ ಮಿಷಿಗನ್ ಸ್ಟೇಟ್‌ನ ಜ್ಯಾಕ್ ಕ್ವಿಗಲ್ ಅರ್ಧ ಕೋರ್ಟ್‌ನಿಂದ ಎಸೆದ ಚೆಂಡು ಒಳಗೆ ಬಿದ್ದಿತ್ತು. ಬಝರ್ ಆದ ಮೇಲೆ ಕೈ ಬಿಟ್ಟದ್ದು ಅಂತ ರದ್ದು ಮಾಡಿದ್ರು. ಮರುವೀಕ್ಷಣೆ ಇಲ್ಲ, ಬೋರ್ಡ್ ಹಿಂದೆ ಕೆಂಪು ದೀಪ ಹಚ್ಚಿ ತೋರಿಸೋ ಈಗಿನ ವ್ಯವಸ್ಥೆ ಇಲ್ಲ. ರೆಫರಿ ಕಿವಿ ಮತ್ತು ಕಣ್ಣು ಎರಡೇ.

ರಾಲಿ ಕನ್ನಡಿಗ
ಇಡೀ ಸೀಸನ್ ಬಗ್ಗೆ ಯಾರೂ ಮಾತಾಡ್ತಾ ಇಲ್ಲ. 32 ಗೆಲುವಿನಲ್ಲಿ ಸುಲಭದ್ದು ಬಹಳ ಇದ್ದರೂ ಕುತ್ತಿಗೆಗೆ ಬಂದು ಉಳಿದದ್ದೂ ಸುಮಾರಿವೆ.

ಫೆಬ್ರವರಿಯಲ್ಲಿ ಮೇರಿಲ್ಯಾಂಡ್‌ನಲ್ಲಿ: ಎರಡು ನಿಮಿಷವೂ ಉಳಿದಿಲ್ಲ, ನಾಲ್ಕಂಕ ಹಿಂದೆ. ಸಮ ಮಾಡಿ ಎರಡು ಓವರ್‌ಟೈಮ್ ಆದ ಮೇಲೆ 65–61. ಅದೇ ತಿಂಗಳು ಸ್ವಂತ ವುಲೆನ್ ಜಿಮ್ನೇಶಿಯಮ್‌ನಲ್ಲಿ ಡ್ಯೂಕ್ ವಿರುದ್ಧ 75–73. ಕರೊಲಿನಾ ಆಡುವ ಲೀಗ್ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನ ಟೂರ್ನಿಯ ಸೆಮಿಫೈನಲ್‌ನಲ್ಲಿ ವೇಕ್ ಫಾರೆಸ್ಟ್ ವಿರುದ್ಧ 61–59, ರೋಸನ್‌ಬ್ಲೂತ್‌ನ ಹುಕ್ ಶಾಟ್ ಮತ್ತು ಅದರ ಜೊತೆ ಸಿಕ್ಕ ಫ್ರೀ ಥ್ರೋದಿಂದ.

ಆ ಕೊನೆಯದು ಎಷ್ಟು ದೊಡ್ಡದು ಅಂತ ಈಗಿನವರಿಗೆ ಗೊತ್ತಾಗಲ್ಲ. 1957ರಲ್ಲಿ ರಾಷ್ಟ್ರೀಯ ಟೂರ್ನಿಗೆ ಬರೀ 23 ತಂಡ. ಈ ಕಾನ್ಫರೆನ್ಸ್‌ನಿಂದ ಒಂದೇ, ಅದೂ ಟೂರ್ನಿ ಗೆದ್ದ ತಂಡ. ಲೀಗ್‌ನಲ್ಲಿ ಎಲ್ಲ ಪಂದ್ಯ ಗೆದ್ದಿದ್ದರೂ ಮೂರು ದಿನದಲ್ಲಿ ಮೂರು ಪಂದ್ಯ ಗೆಲ್ಲದಿದ್ದರೆ ಮನೆಗೆ. ಟೂರ್ನಿ ನಡೀತಿದ್ದದ್ದು ರಾಲಿಯ ರೆನಾಲ್ಡ್ಸ್ ಕೊಲಿಸಿಯಮ್‌ನಲ್ಲಿ, ಅದು ಎದುರಾಳಿ ಎನ್‌ಸಿ ಸ್ಟೇಟ್‌ನ ಸ್ವಂತ ಕೋರ್ಟ್. ಮೊದಲ ದಿನ ಕ್ಲೆಮ್‌ಸನ್ ಮೇಲೆ ರೋಸನ್‌ಬ್ಲೂತ್ 45 ಹೊಡೆದ, ಮೂರನೇ ದಿನ ಸೌತ್ ಕರೊಲಿನಾ ವಿರುದ್ಧ 95–75.

ವೀಕ್‌ಸೈಡ್ ವಾಣಿ
ಡ್ಯೂಕ್ ಪಂದ್ಯದಲ್ಲಿ ಸ್ಕೋರ್‌ಬೋರ್ಡ್ ಗಲಾಟೆ ಆಗಿತ್ತಲ್ಲ, ಅದನ್ನ ಹೇಳಿ.

ರಾಲಿ ಕನ್ನಡಿಗ
ಡ್ಯೂಕ್ ಬುಟ್ಟಿ ಹಾಕಿ 73–73 ಸಮ ಮಾಡಿತು. ಬೋರ್ಡ್ ಮೇಲೆ ಅಂಕ ಇನ್ನೂ ಬದಲಾಗಿರಲಿಲ್ಲ, ಕರೊಲಿನಾ ಮುಂದೆ ಅಂತಲೇ ತೋರಿಸ್ತಿತ್ತು. ಹಿಂದಿದ್ದೇವೆ ಅಂದ್ಕೊಂಡು ಡ್ಯೂಕ್ ಆಟಗಾರ ಬೇಕಂತಲೇ ಕರ್ನ್ಸ್‌ಗೆ ಫೌಲ್ ಮಾಡಿದ. ಕರ್ನ್ಸ್ ಎರಡೂ ಹಾಕಿದ, 75–73. ಫೌಲ್ ಮಾಡದೆ ಬಿಟ್ಟಿದ್ದರೆ ಓವರ್‌ಟೈಮ್‌ಗೆ ಹೋಗೋ ಸಾಧ್ಯತೆ ಇತ್ತು.

ಸ್ಕೋರ್‌ಶೀಟ್
ಈ ವೇದಿಕೆಯಲ್ಲಿ ಟೇಬಲ್ ಮೇಲೆ ಕೂರೋ ಹುಡುಗರು ಇದ್ದರೆ ಇದನ್ನ ನೆನಪಿಡಿ. ಅಧಿಕೃತ ಅಂಕ ಸ್ಕೋರರ್ ಹಾಳೆಯಲ್ಲಿರೋದು, ಬೋರ್ಡ್‌ನದ್ದಲ್ಲ. ಬುಟ್ಟಿ ಬಿದ್ದ ಕೂಡಲೇ ಸ್ಕೋರರ್ ಬಾಯಿಬಿಟ್ಟು "ಇಂಥ ನಂಬರ್, ಎರಡು, ಒಟ್ಟು ಇಷ್ಟು" ಅಂತ ಕೂಗಬೇಕು, ಬೋರ್ಡ್ ಒತ್ತುವವನು ಅದನ್ನ ಕೇಳಿ ಒತ್ತಿ ಮರುಕೂಗಬೇಕು. ಕೊನೇ ಎರಡು ನಿಮಿಷ ಬೋರ್ಡ್ ಒತ್ತುವವನು ಆಟ ನೋಡೋದೇ ಬೇಡ, ಸ್ಕೋರರ್ ಕಡೆ ಕಿವಿ ಇಟ್ಟರೆ ಸಾಕು. ಬೆಂಚ್‌ನಲ್ಲಿ ಒಬ್ಬ ಬದಲಿ ಆಟಗಾರನಿಗೆ ಹಾಳೆ ನೋಡೋ ಕೆಲಸ ಕೊಡಿ.

ಮಂಗ್ಳೂರು ಬ್ಯಾಂಕ್‌ಶಾಟ್
ಐದೂ ಜನ ನ್ಯೂಯಾರ್ಕ್ ಕಡೆಯವರಂತೆ, ಹೌದಾ? ದಕ್ಷಿಣದ ಊರಿನ ತಂಡಕ್ಕೆ ಅವರೆಲ್ಲ ಎಲ್ಲಿಂದ ಬಂದ್ರು?

ರಾಲಿ ಕನ್ನಡಿಗ
ಹೌದು. ರೋಸನ್‌ಬ್ಲೂತ್, ಬ್ರೆನ್ನನ್, ಕ್ವಿಗ್, ಕರ್ನ್ಸ್, ಬಾಬ್ ಕನ್ನಿಂಗ್‌ಹ್ಯಾಮ್. ಮೆಗ್ವಾಯರ್ ತಾನೇ ನ್ಯೂಯಾರ್ಕಿನವನು. ಅಲ್ಲಿನ ಸೇಂಟ್ ಜಾನ್ಸ್ ಕಾಲೇಜನ್ನ 1952ರ ಫೈನಲ್‌ವರೆಗೆ ಒಯ್ದು, ಅಲ್ಲಿ ಕ್ಯಾನ್ಸಸ್ ಎದುರು ಸೋತು, ಅದೇ ವರ್ಷ ನಾರ್ತ್ ಕರೊಲಿನಾ ವಿಶ್ವವಿದ್ಯಾಲಯ ಇರೋ ಚಾಪೆಲ್ ಹಿಲ್‌ಗೆ ಬಂದ. ಊರಿನ ಪರಿಚಯ ಕೈಯಲ್ಲಿತ್ತು, ಹುಡುಗರನ್ನ ಗುರುತಿಸಿ ಕಳಿಸೋರಿದ್ದರು. ನಾಲ್ವರು ಕ್ಯಾಥೊಲಿಕರು, ರೋಸನ್‌ಬ್ಲೂತ್ ಯಹೂದಿ. ಆ ಕಾಲದ ನಾರ್ತ್ ಕರೊಲಿನಾಕ್ಕೆ ಐವರೂ ಹೊರಗಿನವರೇ.

ವೀಕ್‌ಸೈಡ್ ವಾಣಿ
ಹೊರಗಿನವರು ಅನ್ನುವಾಗ ಇನ್ನೊಂದನ್ನೂ ಹೇಳಬೇಕು. ಅವರೆಲ್ಲ ಬಿಳಿಯರು. ಆಗ ಆ ಕಾನ್ಫರೆನ್ಸ್‌ನ ತಂಡಗಳಲ್ಲಿ ಕಪ್ಪು ಆಟಗಾರರೇ ಇರಲಿಲ್ಲ. ಬ್ರೂಕ್ಲಿನ್, ಬ್ರಾಂಕ್ಸ್‌ನಿಂದ ಹುಡುಗರನ್ನ ತರಬಹುದಿತ್ತು, ಅದೇ ಊರಿನ ಕಪ್ಪು ಹುಡುಗನನ್ನ ತರುವಂತಿರಲಿಲ್ಲ. ಚಾಪೆಲ್ ಹಿಲ್‌ನಲ್ಲಿ ಸ್ಕಾಲರ್‌ಶಿಪ್ ಮೇಲೆ ಬಂದ ಮೊದಲ ಕಪ್ಪು ಬಾಸ್ಕೆಟ್‌ಬಾಲ್ ಆಟಗಾರ ಚಾರ್ಲಿ ಸ್ಕಾಟ್, 1966ರಲ್ಲಿ.

ಕ್ಯಾನ್ಸಸ್‌ನಲ್ಲಿ ವಿಲ್ಟ್, ಮಾರಿಸ್ ಕಿಂಗ್ ಇಬ್ಬರೂ ಕಪ್ಪು ಆಟಗಾರರು. ಫೈನಲ್‌ಗೆ ಒಂದು ವಾರ ಮುಂಚೆ ಡಲ್ಲಾಸ್‌ನಲ್ಲಿ ರಾಷ್ಟ್ರೀಯ ಟೂರ್ನಿಯ ರೀಜನಲ್ (ಪ್ರಾದೇಶಿಕ ಸುತ್ತಿನ) ಪಂದ್ಯಗಳು. ಊರೊಳಗೆ ಇಡೀ ತಂಡಕ್ಕೆ ಒಟ್ಟಿಗೆ ಕೊಠಡಿ ಸಿಗಲಿಲ್ಲ, ಹೊರಗೆ ಗ್ರ್ಯಾಂಡ್ ಪ್ರೇರಿಯಲ್ಲಿ ಉಳಿದುಕೊಂಡರು. ಗ್ಯಾಲರಿಯಿಂದ ಅವರ ಬಣ್ಣ ಹಿಡಿದು ಬೈಗುಳ. ಅಂಥದ್ದರಲ್ಲಿ ಅಲ್ಲಿನ ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ತಂಡವನ್ನ ಓವರ್‌ಟೈಮ್‌ನಲ್ಲಿ 73–65ಕ್ಕೆ ಸೋಲಿಸಿದರು. ಕರೊಲಿನಾ ಪಟ್ಟ ಕಷ್ಟ ಬರೆಯೋರು ಇದನ್ನ ಬಿಟ್ಟು ಬರೆದರೆ ಆ ಸೀಸನ್ ಪೂರ್ತಿ ಆಗಲ್ಲ.

ಧಾರವಾಡದ ಡ್ರಿಬಲ್
ಖರೇ ಮಾತು. ವಿಲ್ಟ್ ಸೋತ ಸೋತ ಅಂತಾರ, ಅವಂಗ ಆಗ ಬರೇ ಇಪ್ಪತ್ತು ವರ್ಷ. ಇಷ್ಟೆಲ್ಲಾ ಹೊತ್ಕೊಂಡು ಆಡಿದ. ಸೋತ ತಂಡದಾಂವ ಆದ್ರೂ ಟೂರ್ನಿಯ ಶ್ರೇಷ್ಠ ಆಟಗಾರ ಅಂತ ಅವನ್ನ ಆರಿಸಿದ್ರು.

ಮೈಸೂರು ರಿಬೌಂಡ್
ಕ್ಯಾನ್ಸಸ್ ಅವರ ಸ್ವಂತ ಊರಲ್ಲಿ ಫೈನಲ್ ಆಡಿಯೂ ಸೋತದ್ದು ವಿಶೇಷ.

ಹಾಫ್‌ಕೋರ್ಟ್ ಹನುಮ
ಸ್ವಂತ ಊರಲ್ಲ. ಪಂದ್ಯ ನಡೆದ ಮುನಿಸಿಪಲ್ ಆಡಿಟೋರಿಯಮ್ ಇರೋದು ಕ್ಯಾನ್ಸಸ್ ಸಿಟಿಯಲ್ಲಿ, ಅದು ಮಿಜೂರಿ ರಾಜ್ಯ. ವಿಶ್ವವಿದ್ಯಾಲಯ ಇರೋದು ಕ್ಯಾನ್ಸಸ್ ರಾಜ್ಯದ ಲಾರೆನ್ಸ್‌ನಲ್ಲಿ. ಆದರೆ ದೂರ ಸುಮಾರು 65 ಕಿಲೋಮೀಟರ್ ಅಷ್ಟೇ, ಜನ ಪೂರ್ತಿ ಕ್ಯಾನ್ಸಸ್ ಕಡೆಯವರು. ಆ ಅರ್ಥದಲ್ಲಿ ನಿಮ್ಮ ಮಾತು ನಡೆಯುತ್ತೆ.

ಮೈಸೂರು ರಿಬೌಂಡ್
ಸರಿ. ಕೊನೇ ಆರು ಸೆಕೆಂಡ್ ಯಾರಾದರೂ ಬಿಡಿಸಿ.

ಎಲ್ಬೋ ಜಂಪರ್
ಮೂರನೇ ಓವರ್‌ಟೈಮ್, ಕ್ಯಾನ್ಸಸ್ 53–52. ಕರೊಲಿನಾ ಚೆಂಡು. ಕ್ವಿಗ್ ರಿಂಗ್ ಕಡೆ ನುಗ್ಗಿದ, ಫೌಲ್ ಆಯ್ತು. ಆರು ಸೆಕೆಂಡ್ ಬಾಕಿ, ಎರಡು ಫ್ರೀ ಥ್ರೋ, ಎರಡೂ ಬಿದ್ದವು. 54–53.

ಆಮೇಲೆ ಏನು ಬರುತ್ತೆ ಅಂತ ಇಡೀ ಆಡಿಟೋರಿಯಮ್‌ಗೆ ಗೊತ್ತಿತ್ತು: ವಿಲ್ಟ್‌ಗೆ ಲಾಬ್. ಗೊತ್ತಿರುವ ಪಾಸ್ ತಡೆಯೋದಕ್ಕೆ ಎರಡು ವಿಧ. ಒಂದು, ಮುಂದೆ ನಿಂತು ದಾರಿ ಮುಚ್ಚೋದು. ಇನ್ನೊಂದು, ಹಿಂದೆ ನಿಂತು ಚೆಂಡು ಕೈಗೆ ಬರುವ ಗಳಿಗೆಯಲ್ಲಿ ತಟ್ಟೋದು. ಎರಡನೆಯದರಲ್ಲಿ ಫೌಲ್ ಅಪಾಯ ಜಾಸ್ತಿ, ಮೈ ತಾಗದಂತೆ ಕೈ ಮಾತ್ರ ಹೋಗಬೇಕು. ಕ್ವಿಗ್ ಕೈ ಚೆಂಡಿಗೆ ಮುಟ್ಟಿತು. ಸಿಡಿದ ಚೆಂಡು ಕರ್ನ್ಸ್‌ಗೆ. ಅವನು ಅದನ್ನ ಮೇಲೆ ಛಾವಣಿ ಕಡೆ ಎಸೆದ. ಚೆಂಡು ಕೆಳಗೆ ಬರೋದರೊಳಗೆ ಸಮಯ ಮುಗೀತು. ಹಿಡಿದು ಓಡಿದ್ದರೆ ಫೌಲ್ ಆಗ್ತಿತ್ತು, ಟ್ರಾವೆಲ್ (ಡ್ರಿಬಲ್ ಇಲ್ಲದೆ ಹೆಜ್ಜೆ ಹಾಕಿದ ತಪ್ಪು) ಆಗ್ತಿತ್ತು. ಗಾಳಿಯಲ್ಲಿರೋ ಚೆಂಡಿಗೆ ಯಾರೂ ಫೌಲ್ ಮಾಡೋಕಾಗಲ್ಲ, ಗಡಿಯಾರ ಮಾತ್ರ ಓಡ್ತಿರುತ್ತೆ.

ಪಿವಟ್‌ಪಾದ
ಎರಡು ಸತತ ರಾತ್ರಿ 55 ನಿಮಿಷ, ಅಂದರೆ 110 ನಿಮಿಷ. ಐವರೇ ಬಹುಪಾಲು ಆಡಿದ್ದಾರೆ. ಆ ದಣಿವಿನಲ್ಲಿ ಎರಡೂ ಫ್ರೀ ಥ್ರೋ ಹಾಕಿದ್ದಕ್ಕೆ ತಲೆಬಾಗಲೇಬೇಕು. ಆದರೂ ಕೇಳ್ತೀನಿ, 24 ಸೆಕೆಂಡ್‌ನ ಓಟದಲ್ಲಿ ಅಷ್ಟು ಕಡಿಮೆ ಜನರಿಂದ 110 ನಿಮಿಷ ಆಡೋಕಾಗ್ತಿತ್ತಾ? ನಿಧಾನ ಆಟ ಅವರ ಕಾಲು ಉಳಿಸಿತು.

ಸ್ಕೋರ್‌ಶೀಟ್
ಅದನ್ನ ನಾನೂ ಒಪ್ತೀನಿ. ದಣಿವಿನ ವಾದ ನಿಲ್ಲುತ್ತೆ, "ವಿಲ್ಟ್‌ಗೆ ಚೆಂಡು ಸಿಗ್ತಿತ್ತು" ಅನ್ನೋ ವಾದ ನಿಲ್ಲಲ್ಲ.

ರಾಲಿ ಕನ್ನಡಿಗ
ಶಾಟ್ ಕ್ಲಾಕ್ ಬಗ್ಗೆಯೇ ಮಾತಾದ್ದರಿಂದ ಒಂದು ಕೊಂಡಿ. ಆ ಫೈನಲ್ ವಾರಾಂತ್ಯದಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಇದ್ದವರಲ್ಲಿ ಡೀನ್ ಸ್ಮಿತ್ ಒಬ್ಬ. ಆಗ ಏರ್ ಫೋರ್ಸ್ ಅಕಾಡೆಮಿಯಲ್ಲಿ ಸಹಾಯಕ ಕೋಚ್. 1952ರಲ್ಲಿ ಮೆಗ್ವಾಯರ್‌ನ ಸೇಂಟ್ ಜಾನ್ಸ್ ಅನ್ನು ಸೋಲಿಸಿದ ಕ್ಯಾನ್ಸಸ್ ತಂಡದಲ್ಲಿ ಆಡಿದವನು, ಹಾಗಾಗಿ ಮನಸ್ಸು ಕ್ಯಾನ್ಸಸ್ ಕಡೆ. 1958ರಲ್ಲಿ ಮೆಗ್ವಾಯರ್ ಅವನನ್ನೇ ಸಹಾಯಕನಾಗಿ ತಂದ, 1961ರಲ್ಲಿ ಅವನು ಮುಖ್ಯ ಕೋಚ್ ಆದ. ಮುಂದೆ ಚೆಂಡು ಹಿಡಿದು ಆಡೋ "ಫೋರ್ ಕಾರ್ನರ್ಸ್" ಅನ್ನೋದನ್ನ ಹೆಸರುವಾಸಿ ಮಾಡಿದ್ದು ಅವನೇ: ನಾಲ್ವರು ಅರ್ಧ ಕೋರ್ಟ್‌ನ ನಾಲ್ಕು ಮೂಲೆಗೆ, ಒಳ್ಳೇ ಡ್ರಿಬಲರ್ ನಡುವೆ, ಯಾರಾದರೂ ಹೆಲ್ಪ್‌ಗೆ ಬಂದರೆ ಆ ಮೂಲೆಗೆ ಪಾಸ್. 1982ರ ಕಾನ್ಫರೆನ್ಸ್ ಫೈನಲ್‌ನಲ್ಲಿ ವರ್ಜೀನಿಯಾ ವಿರುದ್ಧ 47–45 ಆದ ಮೇಲೆ ಜನ ಸಿಟ್ಟಾದರು. ಮರುವರ್ಷವೇ ಆ ಕಾನ್ಫರೆನ್ಸ್ ಪ್ರಯೋಗಕ್ಕೆ ಶಾಟ್ ಕ್ಲಾಕ್ ತಂದಿತು.

ಮಂಗ್ಳೂರು ಬ್ಯಾಂಕ್‌ಶಾಟ್
ಮೆಗ್ವಾಯರ್ ಆಮೇಲೆ ಎಲ್ಲಿಗೆ ಹೋದ ಹೇಳಿ ಮಾರಾಯ್ರೆ, ಅದು ಇದಕ್ಕಿಂತ ಮಜಾ.

ರಾಲಿ ಕನ್ನಡಿಗ
ಫಿಲಡೆಲ್ಫಿಯಾ ವಾರಿಯರ್ಸ್‌ಗೆ. ಅಲ್ಲಿ ಅವನ ಸೆಂಟರ್ ವಿಲ್ಟ್ ಚೇಂಬರ್ಲೇನ್. 1962ರ ಮಾರ್ಚ್ 2ಕ್ಕೆ ಹರ್ಷಿಯಲ್ಲಿ ವಿಲ್ಟ್ 100 ಅಂಕ ಹೊಡೆದಾಗ ಬೆಂಚ್‌ನಲ್ಲಿದ್ದ ಕೋಚ್ ಮೆಗ್ವಾಯರ್. ಐದು ವರ್ಷ ಹಿಂದೆ ಇಬ್ಬರನ್ನು ಹಚ್ಚಿ ಅವನನ್ನ ಕಟ್ಟಿಹಾಕಿದವನು ಈಗ ಎಲ್ಲ ಚೆಂಡನ್ನೂ ಅವನಿಗೇ ಕೊಡಿಸಿದ.

ಎಲ್ಬೋ ಜಂಪರ್
ಉಳಿದವರದ್ದೂ ಸೇರಿಸಿಬಿಡ್ತೀನಿ. ಕ್ವಿಗ್ ಮುಂದಿನ ಸೀಸನ್‌ಗೆ ಮುಂಚೆ ಅಭ್ಯಾಸದಲ್ಲಿ ಕಾಲು ಮುರ್ಕೊಂಡ, ಕಾಲೇಜು ಆಟ ಅಲ್ಲಿಗೇ ಮುಗೀತು. ಕರ್ನ್ಸ್ ಎನ್‌ಬಿಎಯಲ್ಲಿ ಆಡಿದ್ದು ಒಂದೇ ಪಂದ್ಯ, ಹೊಡೆದದ್ದು ಒಂದೇ ಶಾಟ್, ಅದು ಬಿತ್ತು. ರೋಸನ್‌ಬ್ಲೂತ್‌ನ ಆ ಸೀಸನ್‌ನ 895 ಅಂಕದ ಬಗ್ಗೆ ಹೇಳೋದಾದರೆ, ಮೂರಂಕದ ಗೆರೆ ಇಲ್ಲದ ಕಾಲದಲ್ಲಿ ಅಷ್ಟು.

ವೀಕ್‌ಸೈಡ್ ವಾಣಿ
ಟಿವಿ ವಿಷಯ ಉಳೀತು. ಆ ಎರಡು ರಾತ್ರಿಯ ಪಂದ್ಯವನ್ನ ಸಿ. ಡಿ. ಚೆಸ್ಲಿ ಅನ್ನುವವರು ನಾರ್ತ್ ಕರೊಲಿನಾದ ಐದು ಸ್ಟೇಷನ್‌ಗಳಿಗೆ ಪ್ರಸಾರ ಮಾಡಿಸಿದ್ದರು. ಎರಡು ರಾತ್ರಿ ಆರು ಓವರ್‌ಟೈಮ್, ಇಡೀ ರಾಜ್ಯ ನೋಡ್ತು. ಅದರ ಬಲದ ಮೇಲೆ ಮುಂದಿನ ಸೀಸನ್‌ನಿಂದಲೇ ಆ ಕಾನ್ಫರೆನ್ಸ್ ಪಂದ್ಯಗಳು ನಿಯಮಿತವಾಗಿ ಟಿವಿಗೆ ಬಂದವು. ಅಲ್ಲಿ ಬಾಸ್ಕೆಟ್‌ಬಾಲ್ ಈ ಪರಿ ಬೇರೂರಿದ್ದಕ್ಕೆ ಅದೂ ಒಂದು ಕಾರಣ.

ಪಿವಟ್‌ಪಾದ
@ಎಲ್ಬೋ ಜಂಪರ್, ಕೊನೆಯದಾಗಿ ಒಂದು. ಈಗಿನ 24 ಸೆಕೆಂಡ್, 14 ಸೆಕೆಂಡ್ ರಿಸೆಟ್ ಇರುವ ಫಿಬಾ ಆಟದಲ್ಲಿ ಒಬ್ಬ ಭಾರಿ ಎತ್ತರದವನ ಎದುರು ಇದೇ ಝೋನ್ ನಡೆಯುತ್ತಾ?

ಎಲ್ಬೋ ಜಂಪರ್
ನಡೆಯುತ್ತೆ, ಆದರೆ ಎರಡು ಬದಲಾವಣೆ ಬೇಕು. ಮೂಲೆಯ ಶೂಟರ್‌ನನ್ನ ಪೂರ್ತಿ ಬಿಡೋ ಹಾಗಿಲ್ಲ, ಅಲ್ಲಿಂದ ಮೂರಂಕ. ಅದಕ್ಕೆ ಮುಂದೆ ನಿಲ್ಲುವವನು ಗಾರ್ಡ್ ಆಗಲಿ, ಫಾರ್ವರ್ಡ್‌ಗಳು ಮೂಲೆಗೆ ಹತ್ತಿರ ಇರಲಿ. ಎರಡನೆಯದು, ಶಾಟ್ ತಪ್ಪಿ ಎದುರಾಳಿಗೇ ರಿಬೌಂಡ್ ಸಿಕ್ಕರೆ 14 ಸೆಕೆಂಡ್ ಮತ್ತೆ ಸಿಗುತ್ತೆ, ಝೋನ್‌ನಲ್ಲಿ ಬಾಕ್ಸ್ ಔಟ್ ಯಾರಿಗೆ ಯಾರು ಅಂತ ಗೊಂದಲ ಆಗೋದೇ ಅಲ್ಲಿ. ಚೆಂಡು ಕೈ ಬಿಟ್ಟ ಕೂಡಲೇ ಹತ್ತಿರದವನಿಗೆ ಬೆನ್ನು ಕೊಡಿ, ಆಮೇಲೆ ಚೆಂಡು ನೋಡಿ. ಎತ್ತರದವನಿಗೆ ಇಬ್ಬರೂ ಬೆನ್ನು ಕೊಡಬೇಕು, ಮುಂದಿನವನೂ ಒಳಗೆ ತಿರುಗಿ ಬರಲೇಬೇಕು. ಕಾಲೇಜು ಹುಡುಗರಿಗೆ ಇದನ್ನ ಐವರ ಎದುರು ಐವರಾಗಿ ಆಡಿಸೋ ಮುಂಚೆ ನಾಲ್ವರ ಎದುರು ನಾಲ್ವರಲ್ಲಿ, ಡ್ರಿಬಲ್ ಇಲ್ಲದೆ ಬರೀ ಪಾಸ್ ಮಾಡಿಸಿ ಜಾಗ ಬದಲಿಸೋದು ಕಲಿಸಿ.

ಧಾರವಾಡದ ಡ್ರಿಬಲ್
ಮತ್ತ ಬೆನ್ನ ಕೊಡೂದ್ರಾಗ ಮೊಣಕೈ ಎತ್ತಬ್ಯಾಡ್ರಿ, ರೆಫರಿ ಕಾಯ್ತಿರ್ತಾನ. ಮೊಣಕಾಲು ಮಡಚಿ ಕೆಳಗ ಕೂತ್ಕೊಂಡು ಸೊಂಟದಿಂದ ಹಿಡೀರಿ.